ನಿನ್ನ ಮುದುಕನನ್ನು ಜಗಲಿಯಿಂದ ಎಬ್ಬಿಸು

ಚಿರಂಜೀವಿಗೆ ಆಶೀರ್ವಾದಗಳು.

ನಿನ್ನ ಕಾದಂಬರಿಯ ಕಟ್ಟು ಬಂದು ಇಪ್ಪತ್ತು ದಿನಗಳಾದವು. ಜೊತೆಗಿದ್ದ ಪತ್ರದಲ್ಲಿ ಮೂರು ಕಡೆ ನನ್ನನ್ನು ‘ಅಜ್ಜ’ ಎಂದು ಕರೆದಿದ್ದೀಯ. ನನಗೆ 68. ಅಜ್ಜನಾಗಿರುವುದು ನಿಜವೇ, ಆದರೆ ಅದು ನನ್ನ ಮೊಮ್ಮಗಳು ಕೊಟ್ಟ ಪದವಿ, ಊರಿಗೆಲ್ಲ ಹಂಚಿದ್ದಲ್ಲ. ಸಲಿಗೆಯನ್ನು ನೀನೇ ತೆಗೆದುಕೊಂಡಿರುವುದರಿಂದ ನಾನೂ ಏಕವಚನದಲ್ಲೇ ಬರೆಯುತ್ತೇನೆ.

ಪ್ರಕಾಶಕರನ್ನು ಹೇಗೆ ಹಿಡಿಯಬೇಕು, ಅಧ್ಯಾಯ ಎಷ್ಟು ಉದ್ದವಿರಬೇಕು, ಮುನ್ನುಡಿ ಯಾರಿಂದ ಬರೆಸಬೇಕು ಎಂದೆಲ್ಲ ಕೇಳಿದ್ದೀಯ. ಅದನ್ನು ಹೇಳುವವರು ಬೇಕಾದಷ್ಟು ಜನ ಇದ್ದಾರೆ. ಮುನ್ನುಡಿಯ ಬಗ್ಗೆ ಮಾತ್ರ ಒಂದು ಮಾತು: ನನ್ನಿಂದ ಬೇಡ.

ನನ್ನನ್ನು ಕಾಡಿದ್ದು ಪತ್ರದ ಕೊನೆಯ ಸಾಲು. ಮೂವತ್ತಕ್ಕೇ ಹುಮ್ಮಸ್ಸು ಆರುತ್ತಿದೆ, ಹದಿನೆಂಟರಲ್ಲಿದ್ದ ಧೈರ್ಯವೂ ಇಲ್ಲ, ನಂಬಿಕೆಯೂ ಇಲ್ಲ, ನಿಮ್ಮಲ್ಲಿ ಏನಾದರೂ ಉಳಿದಿದೆಯೇ ಎಂದು ಕೇಳಿದ್ದೀಯ. ಅದನ್ನು ಓದಿದ ಮೇಲೆ ನಿನ್ನ ಕಾದಂಬರಿಯ ಮುದುಕ ಯಾಕೆ ಹಾಗಿದ್ದಾನೆ ಎಂಬುದು ತಿಳಿಯಿತು. 210 ಪುಟಗಳ ಉದ್ದಕ್ಕೂ ಅವನು ಜಗಲಿಯ ಮೇಲೆ ಕೂತೇ ಇದ್ದಾನೆ. ಎಲೆ ಅಡಿಕೆ ಹಾಕುತ್ತಾನೆ, ನೆನಪು ಮಾಡಿಕೊಳ್ಳುತ್ತಾನೆ, ನಿಟ್ಟುಸಿರು ಬಿಡುತ್ತಾನೆ. ಮೂತ್ರಕ್ಕೂ ಏಳುವುದಿಲ್ಲ. ಈ ವಯಸ್ಸಿನಲ್ಲಿ ಅದು ಸಾಧ್ಯವೇ ಇಲ್ಲ, ನಾನು ಬಲ್ಲೆ. ನೀನು ಬರೆದಿರುವುದು ಮುದುಕನನ್ನಲ್ಲ. ನಿನ್ನ ಮೂವತ್ತರ ಭಯಕ್ಕೆ ಬಿಳಿ ಮೀಸೆ ಅಂಟಿಸಿ ಕೂರಿಸಿದ್ದೀಯ.

ಸಾಹಸವೆಂದರೆ ನಿನ್ನ ಎರಡನೆಯ ಅಧ್ಯಾಯದ ಹುಡುಗನ ಹಾಗೆ ಬೈಕ್ ಹತ್ತಿ ಲಡಾಖ್‌ಗೆ ಹೋಗುವುದು ಎಂದುಕೊಂಡಂತಿದೆ. ಹೋಗಲಿ, ಬೇಡ ಎನ್ನುವುದಿಲ್ಲ. ಆದರೆ ಶಿವರಾಮ ಕಾರಂತರು 1989ರಲ್ಲಿ ಏನು ಮಾಡಿದರು ಎಂಬುದು ನಿನಗೆ ಗೊತ್ತಿದೆಯೇ? ಕೈಗಾ ಅಣುಸ್ಥಾವರ ಬೇಡವೆಂದು ಉತ್ತರ ಕನ್ನಡದಿಂದ ಲೋಕಸಭೆಗೆ ನಿಂತರು. ಆಗ ಅವರಿಗೆ 87. ಸೋತರು. ಸ್ಥಾವರವೂ ಎದ್ದಿತು. ಗೆಲ್ಲುವ ಲೆಕ್ಕ ಹಾಕಿ ಅವರು ನಿಂತಿದ್ದರೆಂದು ನನಗೆ ಅನ್ನಿಸುವುದಿಲ್ಲ, ದೇವರ ಮೇಲೆ ಭಾರ ಹಾಕುವ ಜಾಯಮಾನವಂತೂ ಅವರದಲ್ಲ. ಎ. ಎನ್. ಮೂರ್ತಿರಾಯರು ದೇವರ ಇರವನ್ನೇ ಪ್ರಶ್ನಿಸುವ ಪುಸ್ತಕವನ್ನು 91ರ ವಯಸ್ಸಿನಲ್ಲಿ ಹೊರತಂದರು. ಆ ವಯಸ್ಸಿನಲ್ಲಿ ಹೆಚ್ಚಿನವರು ಜಪಮಾಲೆ ಹುಡುಕುತ್ತಾರೆ. ನಂಬಿಕೆ ಎಂಬ ಪದವನ್ನು ನೀನು ಬಳಸುವಾಗ ಇಂಥವರನ್ನೂ ಅದರೊಳಗೆ ಸೇರಿಸಿಕೊಳ್ಳಬೇಕಾಗುತ್ತದೆ.

ಈಗ ನನ್ನ ಕಥೆ. ನಲವತ್ತೆರಡರಲ್ಲಿ ನಾನು ನೇಕಾರರ ಓಣಿಯೊಂದರ ಮೇಲೆ ಕಾದಂಬರಿ ಶುರುಮಾಡಿದ್ದೆ. ಒಬ್ಬ ನಾಯಕನಿಲ್ಲದೆ ಇಡೀ ಓಣಿಯೇ ಮಾತನಾಡಬೇಕೆಂಬ ಹುಚ್ಚು. ಅರವತ್ತು ಪುಟ ಬರೆದು ಒಬ್ಬ ಸಂಪಾದಕರಿಗೆ ತೋರಿಸಿದೆ. ಅವರ ಹೆಸರು ಬೇಡ, ಈಗ ಅವರಿಲ್ಲ. ‘ನಿಮ್ಮ ಓದುಗರು ನಿಮ್ಮಿಂದ ಬಯಸುವುದು ಇದನ್ನಲ್ಲ’ ಎಂದು ಹಾಳೆಗಳನ್ನು ಮೇಜಿನ ಮೇಲೆ ನನ್ನ ಕಡೆಗೆ ಸರಿಸಿದರು. ಆ ಸರಿಸಿದ ಕೈಯ ಮೇಲೆ ವರ್ಷಗಟ್ಟಲೆ ಸಿಟ್ಟು ಸಾಕಿದೆ. ಸಭೆಗಳಲ್ಲಿ ಎದುರಾದರೆ ಮುಖ ತಿರುಗಿಸಿದೆ. ನಿಜ ಹೇಳಿಬಿಡುತ್ತೇನೆ, ಅವತ್ತು ಮೆಟ್ಟಿಲಿಳಿದು ಬರುವಾಗ ನನಗೆ ನಿರಾಳವಾಗಿತ್ತು. ಗೊತ್ತಿಲ್ಲದ ಕೆಲಸದಿಂದ ತಪ್ಪಿಸಿಕೊಳ್ಳಲು ನೆಪ ಸಿಕ್ಕಿತ್ತು. ಆಮೇಲಿನ ಹತ್ತೊಂಬತ್ತು ವರ್ಷ ಒಂದೇ ಪುಸ್ತಕವನ್ನು ಬೇರೆ ಬೇರೆ ರಕ್ಷಾಪುಟ ಹಾಕಿ ಬರೆದೆ. ನೀನು ನಿನ್ನ ಪತ್ರದಲ್ಲಿ ಹೊಗಳಿರುವುದು ಅವುಗಳನ್ನೇ. ಅದಕ್ಕೂ ಸ್ವಲ್ಪ ಸಿಟ್ಟಿದೆ.

ಅರವತ್ತೊಂದರಲ್ಲಿ ಶ್ರೀಶೈಲಕ್ಕೆ ನಡೆದುಕೊಂಡು ಹೊರಟೆ. ನಮ್ಮ ಬಾಗಲಕೋಟೆ ಕಡೆಯಿಂದ ಯುಗಾದಿಗೆ ಮುಂಚೆ ಕಂಬಿ ಎಂಬ ಕಾವಡಿ ಹೊತ್ತು, ಕೆಲವರು ಮರಗಾಲು ಕಟ್ಟಿಕೊಂಡು, ಸಾವಿರಾರು ಜನ ಹೋಗುವುದನ್ನು ನೀನು ಕೇಳಿರಬಹುದು. ಭಕ್ತಿ ಉಕ್ಕಿ ಹೋದದ್ದಲ್ಲ. ಶ್ರೀಶೈಲದ ದೇವರು ಮಲ್ಲಯ್ಯನಿಗೂ ನನಗೂ ಸಂಬಂಧ ಅಷ್ಟಕ್ಕಷ್ಟೇ. ಪಕ್ಕದ ಮನೆಯವರು ಹೊರಟಿದ್ದರು, ‘ನಿಮ್ಮಿಂದ ಆಗುವುದಿಲ್ಲ ಬಿಡಿ’ ಎಂದರು, ಅಷ್ಟೇ ಕಾರಣ. ಬಿಸಿಲಿಗೆ ಅಂಜಿ ನಸುಕಿನ ಎರಡಕ್ಕೇ ಏಳುತ್ತಿದ್ದೆವು. ದಾರಿಯ ಹಳ್ಳಿಗಳಲ್ಲಿ ಗುರುತು ಪರಿಚಯವಿಲ್ಲದವರು ಸಜ್ಜೆ ರೊಟ್ಟಿ, ಶೇಂಗಾ ಚಟ್ನಿ, ಮಜ್ಜಿಗೆ ಕೊಟ್ಟು ಕಾಲು ಒತ್ತುತ್ತಿದ್ದರು. ಮೊದಲ ಸಲ ನಾಚಿಕೊಂಡೆ, ಮೂರನೆಯ ದಿನ ನಾನೇ ಕಾಲು ಚಾಚಿದೆ.

ನಾಲ್ಕನೆಯ ದಿನ ಅಂಗಾಲಿನಲ್ಲಿ ರೂಪಾಯಿಯಗಲದ ಬೊಬ್ಬೆ ಎದ್ದಿತು. ನಮ್ಮ ಗುಂಪಿನಲ್ಲಿ ಎಪ್ಪತ್ತು ದಾಟಿದ ಒಬ್ಬ ಹೆಂಗಸಿದ್ದಳು. ಕೇಳದೆಯೇ ನನ್ನ ಪಾದವನ್ನು ತೊಡೆಯ ಮೇಲೆ ಎಳೆದುಕೊಂಡು, ಸೂಜಿಗೆ ಬಿಳಿ ನೂಲು ಪೋಣಿಸಿ, ಬೊಬ್ಬೆಯ ಈ ಬದಿಯಿಂದ ಆ ಬದಿಗೆ ತೂರಿಸಿ, ನೂಲಿನ ಎರಡು ತುದಿಗಳನ್ನು ಹಾಗೇ ಬಿಟ್ಟಳು. ನೀರು ನೂಲಿಗುಂಟ ಇಳಿಯಿತು. ಮೇಲೆ ಔಡಲ ಎಣ್ಣೆ. ಅಷ್ಟು ನಾಜೂಕಾದ ಬೆರಳುಗಳು ಎಲ್ಲಿಯವು ಎಂದು ಕೇಳಿದೆ. ಇಳಕಲ್ ಸೀರೆಗೆ ಕೊಂಡಿ ಹಾಕಿದ ಬೆರಳುಗಳಂತೆ. ಮೈಯ ಹಾಸಿನ ಒಂದೊಂದು ಎಳೆಯನ್ನೂ ಸೆರಗಿನ ಹಾಸಿನ ಎಳೆಗೆ ಕುಣಿಕೆ ಮಾಡಿ ಜೋಡಿಸುವ ಕೆಲಸ ಅದು. ಅವಳ ಗಂಟಿನೊಳಗೆ ಟೋಪ್ ತೆನೆ ಸೆರಗಿನ ಒಂದು ಸೀರೆಯೂ ಇತ್ತು. ಅಲ್ಲಿಯ ದೇವಿ ಭ್ರಮರಾಂಬೆ ನಮ್ಮ ಕನ್ನಡ ಸೀಮೆಯ ಮಗಳು, ಮಲ್ಲಯ್ಯ ಅಳಿಯ ಎಂಬುದು ಆ ಜನರ ಲೆಕ್ಕ. ತವರಿನವರು ಬರಿಗೈಯಲ್ಲಿ ಹೋಗುವಂತಿಲ್ಲ.

ಆತ್ಮಕೂರು ದಾಟಿ ನಲ್ಲಮಲ ಕಾಡು ಹೊಕ್ಕೆವು. ನಾಗಲೂಟಿ, ಪೆದ್ದಚೆರುವು, ಆಮೇಲೆ ಭೀಮನಕೊಳ್ಳ. ಹುಲಿಗಳಿರುವ ಕಾಡು, ಬಿದಿರು ಒಣಗಿ ನಿಂತಿತ್ತು. ಕೊಳ್ಳಕ್ಕೆ ಇಳಿಯುವಾಗ ನನ್ನ ಮೊಣಕಾಲು ನಡುಗಿದವು. ಅಲ್ಲಿಂದ ಕೈಲಾಸ ಬಾಗಿಲಿಗೆ ಏರುವ ಕಲ್ಲಿನ ಮೆಟ್ಟಿಲು ನೋಡಿ ಕೂತುಬಿಟ್ಟೆ. ಅವಳು ಪಕ್ಕದಲ್ಲಿ ಕೂತು ಬೆಲ್ಲ ಕೊಟ್ಟಳು. ‘ಈ ವಯಸ್ಸಿನಲ್ಲಿ ನಿಮ್ಮ ಧೈರ್ಯ ದೊಡ್ಡದು’ ಎಂದೆ, ಸಭೆಯಲ್ಲಿ ಶಾಲು ಹೊದಿಸುವವರ ಧ್ವನಿಯಲ್ಲಿ. ಅವಳು ನನ್ನನ್ನು ವಿಚಿತ್ರವಾಗಿ ನೋಡಿದಳು. ‘ಮಗಳ ಮನೆಗೆ ಹೋಗಲು ಧೈರ್ಯ ಯಾಕೆ ಬೇಕು?’ ಎಂದು ಗಂಟು ತಲೆಗೇರಿಸಿ ಹತ್ತತೊಡಗಿದಳು. ನಾನು ದೇವರನ್ನು ನಂಬುತ್ತೇನೋ ಇಲ್ಲವೋ ಎಂದು ಆ ಹನ್ನೆರಡು ದಿನಗಳಲ್ಲಿ ಅವಳು ಒಮ್ಮೆಯೂ ಕೇಳಲಿಲ್ಲ. ಕಾಲು ಅದ್ದಲು ಉಪ್ಪು ತಂದಿದ್ದೀಯಾ ಎಂದು ಮಾತ್ರ ದಿನವೂ ಕೇಳುತ್ತಿದ್ದಳು.

ಊರಿಗೆ ಬಂದು ಟ್ರಂಕಿನಿಂದ ಆ ಅರವತ್ತು ಪುಟ ತೆಗೆದೆ. ಅದರಲ್ಲಿ ‘ಕೊಂಡಿ’ ಎಂಬ ಮಾತು ಹನ್ನೊಂದು ಸಲ ಬರುತ್ತದೆ, ಹನ್ನೊಂದು ಸಲವೂ ತಪ್ಪು! ಮಗ್ಗದ ಬಳಿ ಅರ್ಧ ದಿನ ಕೂರದೆ, ಒಬ್ಬರನ್ನೂ ಕೇಳದೆ ಬರೆದಿದ್ದೆ. ಆ ಸಂಪಾದಕರು ಅದನ್ನು ಅಚ್ಚು ಹಾಕಿದ್ದರೆ ನಾನು ನಗೆಪಾಟಲಾಗುತ್ತಿದ್ದೆ. ಅವರನ್ನು ಕ್ಷಮಿಸಿದ್ದೇನೆ ಎಂದುಕೊಳ್ಳಬೇಡ, ಅವರಿಗೂ ಕೊಂಡಿ ಗೊತ್ತಿರಲಿಲ್ಲ.

ಈಗ ಏಳು ವರ್ಷಗಳಿಂದ ಅದೇ ಓಣಿಯನ್ನು ಮತ್ತೆ ಬರೆಯುತ್ತಿದ್ದೇನೆ. ಮೂರನೆಯ ಕರಡು ನಡೆದಿದೆ. ನಿಲ್ಲುತ್ತದೋ ಬೀಳುತ್ತದೋ ತಿಳಿಯದು. ಬೆಳಗ್ಗೆ ಒಂದು ವಾಕ್ಯ ಬರೆಯಲು ಹೊರಟು ಕೈ ಬೆವೆತ ದಿನಗಳಿವೆ, ಮೊದಲ ಕಥೆ ಬರೆದಾಗ ಬೆವೆತ ಹಾಗೆಯೇ. ಮನೆಯಾಕೆ ರಕ್ತದೊತ್ತಡ ಎನ್ನುತ್ತಾಳೆ. ಉಳಿದಿದೆಯೇ ಎಂದು ಕೇಳಿದೆಯಲ್ಲ, ಉಳಿದಿರಲಿಲ್ಲ ಮಾರಾಯ, ತಡವಾಗಿ ಹುಟ್ಟಿತು.

ನಿನ್ನ ಹಸ್ತಪ್ರತಿಯನ್ನು ಅಂಚೆಯಲ್ಲಿ ಹಿಂದಿರುಗಿಸುತ್ತಿದ್ದೇನೆ. ಪೆನ್ಸಿಲ್ಲಿನ ಗುರುತುಗಳು ನನ್ನವು, ಎಣ್ಣೆಯ ಕಲೆ ಮೊಮ್ಮಗಳದು. ನಿನಗೆ ಭಾಷೆ ಇದೆ. 88ನೆಯ ಪುಟದಲ್ಲಿ ಸೊಸೆ ಅಕ್ಕಿ ಆರಿಸುವ ಆ ಅರ್ಧ ಪುಟವನ್ನು ನಾನು ಎರಡು ಸಲ ಓದಿದೆ. ನಿನ್ನ ಮುದುಕನ ಜಗಲಿಯ ಮುಂದೆ ದಿನವೂ ಎಂಟೂಕಾಲಿಗೆ ಒಂದು ಬಸ್ ಹಾದುಹೋಗುತ್ತದೆ. ಧೂಳು ಎಬ್ಬಿಸುವುದಕ್ಕೆಂದು ಅದನ್ನು ಹದಿನಾಲ್ಕು ಸಲ ಓಡಿಸಿದ್ದೀಯ. ಅದು ಯಾವ ಊರಿಗೆ ಹೋಗುತ್ತದೆ ಎಂದು ಎಲ್ಲೂ ಬರೆದಿಲ್ಲ. ಅವನನ್ನು ಹತ್ತಿಸಲೇಬೇಕೆಂದು ನಾನು ಹೇಳುವುದಿಲ್ಲ. ಬೋರ್ಡಿನ ಮೇಲೆ ಏನಿದೆ ಎಂದು ಮೊದಲು ನೋಡಿ ನನಗೆ ಬರೆ.