ಅಂಗಡಿಯಲ್ಲಿ ಕೂರುವ ಮುಂಚೆ

ಪುಟ್ಟೀ,

ಪರೀಕ್ಷೆ ಮುಗಿಸಿ ದಾವಣಗೆರೆಗೆ ಬಂದು ನಮ್ಮ ಮೆಡಿಕಲ್ಸ್‌ನಲ್ಲೇ ಕೂರುತ್ತೀಯಂತೆ, ನಿಮ್ಮಮ್ಮ ಹೇಳಿದಳು. ತುಂಬಾ ಖುಷಿಯಾಯಿತು. ಶುಗರ್, ಬಿ.ಪಿ. ಮಾತ್ರೆ ಕೊಡುವುದನ್ನು ನಾಲ್ಕು ದಿನದಲ್ಲಿ ಕಲಿತುಬಿಡುತ್ತೀಯ. ಅಫೀಮಿನ ಹಾಗೆ ಕೆಲಸ ಮಾಡುವ ನೋವಿನ ಮಾತ್ರೆ ಟ್ರಮಡಾಲ್ ಇಡುವ ಕಪಾಟಿನ ಬಗ್ಗೆ ಮಾತ್ರ ಈಗಲೇ ಬರೆಯುತ್ತಿದ್ದೇನೆ.

ಈ ಜಾತಿಯ ಮದ್ದುಗಳ ಚರಿತ್ರೆಯಲ್ಲಿ ಒಂದೇ ಸುಳ್ಳು ಮತ್ತೆ ಮತ್ತೆ ಬರುತ್ತದೆ: ಇದು ಹೊಸದು, ಇದರ ಚಟ ಹತ್ತುವುದಿಲ್ಲ. ಅಫೀಮಿನಿಂದ ತೆಗೆದ ಮಾರ್ಫಿನನ್ನು ಅಫೀಮಿನ ಚಟಕ್ಕೇ ಔಷಧಿ ಅಂತ ಕೊಟ್ಟವರಿದ್ದರು. 1898ರಲ್ಲಿ ಬೇಯರ್ ಕಂಪನಿ ಹೆರಾಯಿನನ್ನು ಕೆಮ್ಮಿನ ಮದ್ದು ಅಂತ ಮಾರಿತು. 1913ರಲ್ಲಿ ತಯಾರಿಕೆ ನಿಲ್ಲಿಸಿತು.

ಆಕ್ಸಿಕಾಂಟಿನ್ ಅನ್ನುವ ನೋವಿನ ಮಾತ್ರೆಯ ಕತೆಯನ್ನಂತೂ ನೀನು ಸರಿಯಾಗಿ ತಿಳಿದುಕೊಳ್ಳಬೇಕು. ಅದರೊಳಗಿನ ಮದ್ದು ಆಕ್ಸಿಕೊಡೋನ್ 1916ರಲ್ಲೇ ಜರ್ಮನಿಯಲ್ಲಿ ತಯಾರಾಗಿತ್ತು. 1996ರಲ್ಲಿ ಅಮೆರಿಕದ ಪರ್ಡ್ಯೂ ಫಾರ್ಮಾ ಅದನ್ನೇ 12 ಗಂಟೆ ನಿಧಾನವಾಗಿ ಬಿಡುವ ಮಾತ್ರೆ ಮಾಡಿತು. ನಿಧಾನವಾಗಿ ಬಿಡುವುದರಿಂದ ಚಟದ ಭಯ ಕಡಿಮೆ ಅಂತ ಪ್ರಚಾರ ಮಾಡಿತು. ಮಾತ್ರೆಯನ್ನು ಜಜ್ಜಿದರೆ ಅಷ್ಟೂ ಮದ್ದು ಒಂದೇ ಸಲಕ್ಕೆ ಮೈಗೆ ಹತ್ತುತ್ತಿತ್ತು! ಚಟ ಹತ್ತುವವರು ನೂರಕ್ಕೆ ಒಬ್ಬರೂ ಇಲ್ಲ ಅಂತ ಕಂಪನಿಯ ರೆಪ್‌ಗಳು ಡಾಕ್ಟರರಿಗೆ ಹೇಳುತ್ತಿದ್ದರು. ಇಂಥ ಮಾತಿಗೆ ಆ ಕಾಲದಲ್ಲಿ ಪದೇ ಪದೇ ತೋರಿಸುತ್ತಿದ್ದ ಆಧಾರ, 1980ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಬಂದ ಐದು ವಾಕ್ಯದ ಪತ್ರ. 11,882 ರೋಗಿಗಳಲ್ಲಿ ಚಟ ಹತ್ತಿದ್ದು 4 ಜನಕ್ಕೆ ಅಂತ ಅದರಲ್ಲಿತ್ತು. ಅವರೆಲ್ಲ ಆಸ್ಪತ್ರೆಯಲ್ಲಿ ಮಲಗಿ, ನರ್ಸ್ ಕೈಯಿಂದ ಮದ್ದು ತೆಗೆದುಕೊಂಡವರು. ಮನೆಯಲ್ಲಿ ಸೊಂಟನೋವಿಗೆ ತಿಂಗಳುಗಟ್ಟಲೆ ನುಂಗುವವರಿಗೂ ಅದೇ ಲೆಕ್ಕ ಹೇಳಿದರೆ ಹೇಗೆ? 2007ರಲ್ಲಿ ಕಂಪನಿ ಕೋರ್ಟಿನಲ್ಲಿ ತಪ್ಪೊಪ್ಪಿಕೊಂಡು ಸುಮಾರು 60 ಕೋಟಿ ಡಾಲರ್ ಕಟ್ಟಿತು, ಮಾರಾಟ ಮುಂದುವರಿಸಿತು. ನೆನೆದರೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಹಾಗಂತ ಮದ್ದನ್ನೇ ದ್ವೇಷಿಸಬೇಡ. ನಿನ್ನ ದೊಡ್ಡಮ್ಮನ ಕ್ಯಾನ್ಸರ್ ಮೂಳೆಗೆ ಇಳಿದಾಗ ನೀನಿನ್ನೂ ಚಿಕ್ಕವಳು. ಮೈಮೇಲೆ ಹೊದಿಕೆ ತಾಗಿದರೂ ಚೀರುತ್ತಿದ್ದಳು. ನಾಲ್ಕು ಗಂಟೆಗೊಮ್ಮೆ ಮಾರ್ಫಿನ್ ಮಾತ್ರೆ, ಜತೆಗೆ ಮಲಬದ್ಧತೆ ಆಗದಂತೆ ಒಂದು ಔಷಧಿ. ಎರಡನೇ ದಿನ ಎದ್ದು ಕೂತು ಮಂಡಕ್ಕಿ ಒಗ್ಗರಣೆ ಕೇಳಿದಳು. ಆ ಮಾತ್ರೆಗಾಗಿ ಎಷ್ಟು ಅಲೆದೆವು! ಮಾದಕ ವಸ್ತುಗಳನ್ನು ನಿಯಂತ್ರಿಸುವ 1985ರ ಎನ್‌ಡಿಪಿಎಸ್ ಕಾಯ್ದೆಯ ಪರವಾನಗಿಗಳಿಗೆ ಹೆದರಿ ಎಷ್ಟೋ ಆಸ್ಪತ್ರೆಗಳು ಮಾರ್ಫಿನ್ ಇಡುವುದನ್ನೇ ಬಿಟ್ಟಿದ್ದವು. 2014ರಲ್ಲಿ ಕಾಯ್ದೆಗೆ ತಿದ್ದುಪಡಿ ಬಂದು ದಾರಿ ಸ್ವಲ್ಪ ಸಲೀಸಾಯಿತು. ಗಸಗಸೆ ಗಿಡದ ಅಫೀಮನ್ನು ಕಾನೂನುಬದ್ಧವಾಗಿ ಬೆಳೆಯುವ ದೇಶದಲ್ಲಿ ಜನ ನೋವಿನಲ್ಲಿ ಒದ್ದಾಡಿ ಸಾಯುವುದು ನನಗೆ ಚಟದಷ್ಟೇ ದೊಡ್ಡ ಅನ್ಯಾಯವಾಗಿ ಕಾಣುತ್ತದೆ.

ಟ್ರಮಡಾಲ್ ಅಫೀಮಿನಿಂದ ಬಂದದ್ದಲ್ಲ, ಆದರೂ ಮೆದುಳಿನಲ್ಲಿ ಹಿಡಿಯುವ ಜಾಗ ಅದೇ. 2018ರಿಂದ ಅದೂ ಎನ್‌ಡಿಪಿಎಸ್ ಕೆಳಗೆ ಬಂದಿದೆ. ವಿಶೇಷ ನಿಗಾ ಇಡಬೇಕಾದ ಮದ್ದುಗಳ ಎಚ್1 ರಿಜಿಸ್ಟರಿನಲ್ಲಿ ಡಾಕ್ಟರ್ ಹೆಸರು, ರೋಗಿಯ ಹೆಸರು, ಎಷ್ಟು ಕೊಟ್ಟೆ ಎಲ್ಲ ಬರೆಯಬೇಕು, ಮೂರು ವರ್ಷ ಇಡಬೇಕು. ಯಾರ ಮುಲಾಜಿಗೂ ಬೀಳಬೇಡ, ನನ್ನ ಸ್ನೇಹಿತರಾದರೂ ಸರಿ.

ಎಪಿಎಂಸಿಯಲ್ಲಿ ಮೆಕ್ಕೆಜೋಳದ ಚೀಲ ಹೊರುವ ಅಣ್ಣನೊಬ್ಬ ಬರುತ್ತಾನೆ. ಅವನ ಚೀಟಿ ಮಡಿಕೆಯಲ್ಲಿ ಹರಿದು, ತಾರೀಖಿನ ಜಾಗ ಬೆವರಿಗೆ ಅಳಿಸಿಹೋಗಿದೆ. ಮೊದಲು ಸೊಂಟನೋವಿಗೆ ಅಂತಿದ್ದ. ಈಗ ಮಾತ್ರೆ ಇಲ್ಲದಿದ್ದರೆ ಮೈ ನಡುಗುತ್ತದೆ, ಮೂಗು ಸೋರುತ್ತದೆ, ನಿದ್ದೆ ಬರಲ್ಲ ಅನ್ನುತ್ತಾನೆ. ಆ ಚೀಟಿಗೆ ಕೊಡಬೇಡ. ನಾಲ್ಕು ಜನರ ಮುಂದೆ ಬೈಯಲೂ ಬೇಡ. ಒಮ್ಮೆಲೇ ನಿಲ್ಲಿಸಿದರೆ ಒದ್ದಾಡುತ್ತಾನೆ, ಡಾಕ್ಟರೇ ಹಂತಹಂತವಾಗಿ ಇಳಿಸಬೇಕು. ಚಿಗಟೇರಿ ಜಿಲ್ಲಾ ಆಸ್ಪತ್ರೆಗೆ ಹೋಗಿ ಮನೋರೋಗದ ಡಾಕ್ಟರನ್ನು ಕಾಣು ಅಂತ ಹೇಳಿದ್ದೇನೆ. ಹೂಂ ಅಂದಿದ್ದಾನೆ, ಇನ್ನೂ ಹೋಗಿಲ್ಲ. ನೀನು ಕೂತಾಗ ಬಂದರೆ ಸ್ಟೂಲ್ ಕೊಟ್ಟು ಕೂರಿಸಿ ನನಗೆ ಫೋನ್ ಮಾಡು, ನಾನೇ ಕರೆದುಕೊಂಡು ಹೋಗುತ್ತೇನೆ.

ನಿನ್ನ
ಅಪ್ಪ