ಗೋಪುರ ಹತ್ತಿದವರಿಗೆ

ನನ್ನ ಪೋಸ್ಟ್‌ಡಾಕ್ಟರಲ್ ಸಂಶೋಧನೆ ನಿಂತಿರುವುದು ಫಿನ್ಲೆಂಡಿನ ಹ್ಯೂಟಿಯಾಲ ಸಂಶೋಧನಾ ಕೇಂದ್ರದ ಪೈನ್ ಕಾಡಿನ ಅಳತೆಗಳ ಮೇಲೆ. 1962ರಲ್ಲಿ ಬೀಜ ಬಿತ್ತಿ ಬೆಳೆಸಿದ ಕಾಡು ಅದು. ಮರಗಳು ಬಿಡುವ ಟರ್ಪೀನ್ ಆವಿ (ಪೈನ್ ತೋಪಿನಲ್ಲಿ ಮೂಗಿಗೆ ಬಡಿಯುವ ವಾಸನೆಯೇ ಅದು) ಓಝೋನ್ ಜೊತೆ ವರ್ತಿಸಿ, ಕೆಲವೇ ನ್ಯಾನೊಮೀಟರ್ ಗಾತ್ರದ ಕಣಗಳು ಬೆಳೆಯಲು ಒದಗುತ್ತದೆ. ಬೆಳೆದ ಕಣಗಳ ಸುತ್ತ ಮೋಡದ ಹನಿ ಕಟ್ಟುತ್ತದೆ. ಕೇಳಲು ಚೆಂದ. ಆದರೆ ಕಾಡು ಎಷ್ಟು ಇಂಗಾಲ ಹೀರಿತು, ಎಷ್ಟು ನೀರಾವಿ ಬಿಟ್ಟಿತು ಎಂದು ಹೇಳಬೇಕಾದರೆ ಕಾಡಿನ ಗೋಪುರದ ಮೇಲಿರುವ ಮಾಪಕದಿಂದ ಗಾಳಿಯ ಏರಿಳಿತವನ್ನು ಸೆಕೆಂಡಿಗೆ 10 ಸಲ ಅಳೆಯಬೇಕು. ಮಾಪಕದ ಮೇಲೆ ಹಿಮ ಕಟ್ಟಿತೋ, ಅಂಕಿಗಳೆಲ್ಲ ಕಸ.

ಆ ಚಳಿಗಾಲದಲ್ಲಿ ನನ್ನ ಇಮೇಲ್ ನೋಡಿದ ಕೂಡಲೇ ಗೋಪುರ ಹತ್ತಿದ ತಂತ್ರಜ್ಞರೇ, ನಿಮಗೆ ಮನಸಾರೆ ಧನ್ಯವಾದ. ಹಿಮ ತೆಗೆದಿರಿ, ಗಾಳಿ ಎಳೆಯುವ ಕೊಳವೆಯ ಫಿಲ್ಟರನ್ನೂ ಬದಲಿಸಿದಿರಿ. ಅದಕ್ಕಿಂತ ಹೆಚ್ಚಾಗಿ, ಯಾವ ಗಂಟೆಯಿಂದ ಯಾವ ಗಂಟೆಯವರೆಗಿನ ಅಂಕಿಗಳನ್ನು ನಂಬಬಾರದು ಎಂದು ಬರೆದು ಕಳುಹಿಸಿದಿರಿ. ಅದನ್ನು ನಾನು ಕೇಳಿರಲೇ ಇಲ್ಲ! ಆ ಟಿಪ್ಪಣಿ ಇಲ್ಲದಿದ್ದರೆ ಇಡೀ ತಿಂಗಳ ದತ್ತಾಂಶವನ್ನು ಕೈಬಿಡಬೇಕಾಗುತ್ತಿತ್ತು. ಪ್ರಬಂಧದಲ್ಲಿ ‘ಕೇಂದ್ರದ ಸಿಬ್ಬಂದಿಗೆ ಕೃತಜ್ಞತೆ’ ಎಂದಷ್ಟೇ ಅಚ್ಚಾಗಿದೆ. ಅದು ಸಾಲದೆನಿಸಿ ಇಲ್ಲಿ ಬರೆಯುತ್ತಿದ್ದೇನೆ.