ಆ ಸಂಗೀತ ಹುಟ್ಟಿದ್ದು ಪ್ರೆಸ್ ಶಾಪಿನಲ್ಲಿ

ಸಂಪಾದಕರಿಗೆ ನಮಸ್ಕಾರ,

2025ರ ಜುಲೈ 22ಕ್ಕೆ ಬ್ಲ್ಯಾಕ್ ಸಬಾತ್ ಅನ್ನೋ ಇಂಗ್ಲೆಂಡಿನ ಹೆವಿ ಮೆಟಲ್ ರಾಕ್ ಬ್ಯಾಂಡಿನ ಹಾಡುಗಾರ ಓಜಿ ಓಸ್ಬೋರ್ನ್ ತೀರಿಕೊಂಡಾಗ ನಿಮ್ಮ ಪತ್ರಿಕೇಲಿ ಒಂದು ಬರಹ ಬಂದಿತ್ತು. ಕತ್ತರಿಸಿ ಇಟ್ಕೊಂಡಿದೀನಿ. ಬರೆದೋರ ಮೇಲೆ ಕೋಪ ಏನಿಲ್ಲ, ಆದ್ರೆ ಓದಿ ಮುಗಿಸಿದ ಮೇಲೆ ಎರಡು ದಿನ ಮನಸ್ಸಿಗೆ ಸಮಾಧಾನ ಇರ್ಲಿಲ್ಲ, ಅದಕ್ಕೇ ಈ ಪತ್ರ. ಸ್ಟೇಜ್ ಮೇಲೆ ಬಾವಲಿ ತಲೆ ಕಚ್ಚಿದ ಕತೆ ಇತ್ತು, ಸೈತಾನನ ಭಕ್ತರು ಅಂತ ಜನ ಬೈತಿದ್ದದ್ದು ಇತ್ತು, ಕುಡಿತದ ಕತೆ ಇತ್ತು, ಕೊನೇಲಿ ಕಿವಿಗಡಚಿಕ್ಕುವ ಅಬ್ಬರ ಅಂತ ಒಂದು ಮಾತು. ಅದೇ ಬ್ಯಾಂಡಿನ ಟೋನಿ ಐಯೋಮಿ ಹೆಸರು ಒಂದೇ ಒಂದು ಸಲ ಬಂದಿತ್ತು, ಗಿಟಾರ್ ವಾದಕ ಅಂತ ಅಷ್ಟೇ. ಅವರ ಬಲಗೈ ಬಗ್ಗೆ ಒಂದಕ್ಷರ ಇರ್ಲಿಲ್ಲ. ಆ ಕೈ ಕತೆ ಬಿಟ್ಟು ಹೆವಿ ಮೆಟಲ್ ಬಗ್ಗೆ ಬರೆಯೋದು ಅಂದ್ರೆ ಮದುಮಗನ್ನ ಬಿಟ್ಟು ದಿಬ್ಬಣ ಹೊರಟ ಹಾಗೆ.

ನಾನು ಪೀಣ್ಯದಲ್ಲಿ 1986ರಿಂದ ಶೀಟ್ ಮೆಟಲ್ ಕೆಲಸದಲ್ಲಿದೀನಿ. ಮೊದಲು ಹೆಲ್ಪರ್, ಆಮೇಲೆ ತಗಡು ಒತ್ತಿ ಕತ್ತರಿಸೋ ಪ್ರೆಸ್ ಮಷೀನಿನ ಆಪರೇಟರ್, ಈಗ ಹುಡುಗರಿಗೆ ಡೈ ಸೆಟ್ಟಿಂಗ್, ಅಂದ್ರೆ ಪ್ರೆಸ್ಸಿಗೆ ಅಚ್ಚು ಕೂರಿಸೋದು ಹೇಳಿಕೊಡ್ತೀನಿ. ಜೊತೆಗೆ ಗಿಟಾರ್ ನುಡಿಸ್ತೀನಿ, ನಲವತ್ತು ವರ್ಷ ಆಯ್ತು. ಎರಡೂ ಗೊತ್ತಿರೋದ್ರಿಂದ್ಲೇ ಈ ವಿಷಯದಲ್ಲಿ ನಾನು ಮಾತಾಡಬಹುದು ಅನ್ಕೊಂಡಿದೀನಿ.

ಐಯೋಮಿ ತಮ್ಮ ಆತ್ಮಕಥೇಲೂ ಎಷ್ಟೋ ಸಂದರ್ಶನಗಳಲ್ಲೂ ಆ ದಿನದ ಕತೆ ಹೇಳಿದಾರೆ. 1965, ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್, ಹುಡುಗನಿಗೆ 17 ವರ್ಷ. ಶೀಟ್ ಮೆಟಲ್ ಫ್ಯಾಕ್ಟರೀಲಿ ವೆಲ್ಡಿಂಗ್ ಕೆಲಸ. ಅವತ್ತೇ ಕೆಲಸದ ಕೊನೇ ದಿನ, ಒಂದು ಬ್ಯಾಂಡ್ ಜೊತೆ ಜರ್ಮನಿಗೆ ಹೋಗೋದು ಅಂತ ನಿಗದಿ ಆಗಿತ್ತು. ಮಧ್ಯಾಹ್ನ ಊಟಕ್ಕೆ ಮನೆಗೆ ಬಂದೋನು ಇನ್ನು ವಾಪಸ್ ಹೋಗಲ್ಲಮ್ಮ ಅಂದ. ತಾಯಿ ಬಿಡ್ಲಿಲ್ಲ, ಹಿಡಿದ ಕೆಲಸ ಪೂರ್ತಿ ಮುಗಿಸಿ ಬಾ ಅಂತ ಕಳಿಸಿದ್ರು. ಯಾವ ತಾಯಿ ಆದ್ರೂ ಹಾಗೇ ಹೇಳೋದು. ಅವತ್ತು ಪ್ರೆಸ್ ಮೇಲೆ ಇರಬೇಕಾದೋರು ಬಂದಿರ್ಲಿಲ್ಲ, ಈ ವೆಲ್ಡಿಂಗ್ ಹುಡುಗನ್ನೇ ಅಲ್ಲಿ ನಿಲ್ಲಿಸಿದ್ರು, ಅಭ್ಯಾಸ ಇಲ್ಲದ ಮಷೀನು. ಪ್ರೆಸ್ ಬಲಗೈ ಮೇಲೆ ಇಳೀತು, ಹುಡುಗ ಗಾಬರಿಯಲ್ಲಿ ಕೈ ಹಿಂದಕ್ಕೆ ಎಳೆದ, ಮಧ್ಯದ ಬೆರಳು ಮತ್ತು ಉಂಗುರದ ಬೆರಳಿನ ತುದಿ ಅಲ್ಲೇ ಉಳೀತು. ಐಯೋಮಿ ಎಡಗೈ ವಾದಕ. ಅಂದ್ರೆ ತಂತಿ ಒತ್ತೋ ಕೈ ಬಲಗೈ. ಹೋಗಿದ್ದು ಅದೇ ಬೆರಳುಗಳು.

ಬೇರೆ ಮಷೀನಿಗೆ ಆಳು ಬಂದಿಲ್ಲ ಅಂದಾಗ ಅಭ್ಯಾಸ ಇಲ್ಲದ ಹುಡುಗನ್ನ ಅಲ್ಲಿ ನಿಲ್ಲಿಸೋದು, ಇದನ್ನ ನಾನು ಪೀಣ್ಯದಲ್ಲಿ ಎಷ್ಟು ಸಲ ನೋಡಿದೀನೋ ಲೆಕ್ಕ ಇಲ್ಲ.

ಡಾಕ್ಟರುಗಳು ಇನ್ನು ನುಡಿಸೋದು ಮರೆತುಬಿಡು ಅಂದ್ರಂತೆ. ಆಗ ಆ ಫ್ಯಾಕ್ಟರಿ ಮ್ಯಾನೇಜರೇ ಮನೆಗೆ ಒಂದು ರೆಕಾರ್ಡ್ ತಂದು ಕೇಳಿಸಿದ್ರು. ಹುಡುಗನಿಗೆ ಕೇಳೋ ಮನಸ್ಸೇ ಇರ್ಲಿಲ್ಲ. ಕೇಳಿದ ಮೇಲೆ ಹೇಳಿದ್ರು, ಈ ವಾದಕ ಜಾಂಗೋ ರೈನ್‌ಹಾರ್ಟ್, ಬೆಂಕೀಲಿ ಎಡಗೈಯ ಎರಡು ಬೆರಳು ಸುಟ್ಟುಕೊಂಡು ಉಳಿದ ಎರಡರಲ್ಲೇ ಇಷ್ಟೆಲ್ಲಾ ನುಡಿಸ್ತಿದಾನೆ ಅಂತ. ಅಲ್ಲಿಂದ ಐಯೋಮಿ ಕೂತು ಬೆರಳಿಗೆ ಟೋಪಿ ಮಾಡ್ಕೊಂಡ್ರು. ಪಾತ್ರೆ ತೊಳೆಯೋ ಲಿಕ್ವಿಡ್ಡಿನ ಪ್ಲಾಸ್ಟಿಕ್ ಬಾಟಲಿ ಕರಗಿಸಿ ಉಂಡೆ ಮಾಡಿ, ಕಾದ ಸಾಲ್ಡರಿಂಗ್ ಐರನ್ನಿಂದ ತೂತು ಕೊರೆದು, ಸ್ಯಾಂಡ್ ಪೇಪರಲ್ಲಿ ತಿಕ್ಕಿ ಬೆರಳಿನ ಆಕಾರಕ್ಕೆ ತಂದು, ತಂತಿ ಮೇಲೆ ಜಾರಬಾರದು ಅಂತ ಹಳೇ ಜಾಕೆಟ್ಟಿನ ಚರ್ಮ ಕತ್ತರಿಸಿ ಅಂಟಿಸಿದ್ರು. ಇದು ಪಕ್ಕಾ ಫ್ಯಾಕ್ಟರಿ ಹುಡುಗನ ಕೈಕೆಲಸ. ಸಾಲ್ಡರಿಂಗ್ ಐರನ್ ಹಿಡಿದು ಗೊತ್ತಿಲ್ಲದೋನಿಗೆ ಈ ಉಪಾಯ ಹೊಳೆಯೋದೇ ಇಲ್ಲ.

ನನಗೆ ಇದು ಯಾಕಿಷ್ಟು ಮನಸ್ಸಿಗೆ ತಟ್ಟುತ್ತೆ ಅಂದ್ರೆ, 1989ರಲ್ಲಿ ನಾನೂ ಒಂದು ಬೆರಳು ಕೊಟ್ಟೆ. ನೈಟ್ ಶಿಫ್ಟು, ಬ್ರಾಕೆಟ್ ಪಂಚಿಂಗ್ ಕೆಲಸ, ಬೆಳಿಗ್ಗೆ ಹೊತ್ತಿಗೆ ಕೌಂಟ್ ಬರ್ಲಿ ಅಂತ ಕೈ ಒಳಗೆ ಹೋಗದ ಹಾಗೆ ತಡೆಯೋ ಗಾರ್ಡ್ ಬಿಚ್ಚಿಟ್ಟಿದ್ರು, ಕಾಲಲ್ಲಿ ಪೆಡಲ್ ಒತ್ತೋದು ಎಡಗೈಲಿ ಪೀಸ್ ತೆಗೆಯೋದು, ಮೂರು ಗಂಟೆ ಹೊತ್ತಿಗೆ ಕೈಗೂ ಕಾಲಿಗೂ ತಾಳ ತಪ್ಪಿತು. ಎಡಗೈ ಉಂಗುರದ ಬೆರಳು, ಮೊದಲನೇ ಗೆಣ್ಣಿನ ತನಕ. ನೋವು ಗೊತ್ತಾಗಿದ್ದು ಆಮೇಲೆ, ಮೊದಲು ಕಂಡಿದ್ದು ಡೈ ಮೇಲೆ ಎಣ್ಣೆ ಜೊತೆ ಕಲೆಸ್ತಾ ಹರೀತಿದ್ದ ರಕ್ತ. ಕಂಪನಿ ಹೆಸರು ಬೇಡ, ಆಗ ಸುಮಾರು ಕಡೆ ಹಾಗೇ ನಡೀತಿತ್ತು.

ಆಸ್ಪತ್ರೆಗೆ ಒಬ್ಬ ಗೆಳೆಯ ಬಂದ. ನಾವಿಬ್ರೂ ಬ್ರಿಗೇಡ್ ರೋಡ್ ಕಡೆ ಕ್ಯಾಸೆಟ್ ಅಂಗಡಿಗೆ ಹೋಗಿ 90 ನಿಮಿಷದ ಕ್ಯಾಸೆಟ್ ಕೊಟ್ಟು ಎಲ್‌ಪಿಯಿಂದ ರೆಕಾರ್ಡ್ ಮಾಡಿಸ್ಕೊಂಡು ಬರ್ತಿದ್ವಿ, ಒಂದು ಕಡೆ ಒಂದು ಆಲ್ಬಮ್ ಇನ್ನೊಂದು ಕಡೆ ಇನ್ನೊಂದು. ಬ್ಲ್ಯಾಕ್ ಸಬಾತ್ ಎಷ್ಟೋ ದಿನದಿಂದ ಕೇಳ್ತಿದ್ವಿ ಆದ್ರೆ ನುಡಿಸೋನ ಕೈ ಹಿಂಗಿದೆ ಅಂತ ಯಾರಿಗೆ ಗೊತ್ತಿತ್ತು? ಅವನು ಇಂಗ್ಲಿಷ್ ಮ್ಯಾಗಜೀನಿನ ಒಂದು ಹಾಳೆ ಜೆರಾಕ್ಸ್ ಮಾಡಿಸ್ಕೊಂಡು ಬಂದಿದ್ದ. ಮಾತಾಡ್ಲಿಲ್ಲ, ದಿಂಬಿನ ಪಕ್ಕ ಇಟ್ಟು ಓದು ಮಾರಾಯ ಅಂದ ಅಷ್ಟೇ. ಜಾಂಗೋ ರೆಕಾರ್ಡ್ ಐಯೋಮಿ ಮನೆಗೆ ಹೋದ ಹಾಗೆ ಐಯೋಮಿ ಕತೆ ನನ್ನ ಹಾಸಿಗೆಗೆ ಬಂತು. ಗಾಯ ಒಣಗೋಕೆ ಎರಡು ತಿಂಗಳು ಹಿಡೀತು, ಆಮೇಲೆ ಪೆನ್ನಿನ ಕ್ಯಾಪ್ ಅಳತೆಗೆ ಕತ್ತರಿಸಿ ಅಂಚು ಬ್ಲೇಡಲ್ಲಿ ನಯ ಮಾಡಿ ಒಳಗೆ ಬಟ್ಟೆ ತುರುಕಿ, ತುದಿಗೆ ಹಳೇ ಚಪ್ಪಲಿ ಚರ್ಮ ಅಂಟಿಸಿದೆ. ಮೊದಲ ದಿನ ತಂತಿ ಮುಟ್ಟಿದಾಗ ಕಣ್ಣಲ್ಲಿ ನೀರು. ಆ ಕ್ಯಾಪ್ ಈಗ್ಲೂ ನನ್ನ ಹತ್ರ ಇದೆ, ಚರ್ಮ ಮಾತ್ರ ಎಷ್ಟು ಸಲ ಬದಲಾಯಿಸಿದೀನೋ.

ಈಗ ಸಂಗೀತದ ವಿಷಯಕ್ಕೆ ಬರ್ತೀನಿ, ನಿಮ್ಮ ಬರಹದಲ್ಲಿ ಬಿಟ್ಟುಹೋಗಿದ್ದು ಮುಖ್ಯವಾಗಿ ಇದೇ. ಪ್ಲಾಸ್ಟಿಕ್ ಬೆರಳಿಗೆ ಸ್ಪರ್ಶ ಇಲ್ಲ, ತಂತಿ ಎಷ್ಟು ಒತ್ತಿದೀವಿ ಅಂತ ಗೊತ್ತಾಗಲ್ಲ, ಒತ್ತಿದ್ರೆ ಉಳಿದ ಗೆಣ್ಣು ಜೀವ ಹೋಗೋ ಹಾಗೆ ನೋಯುತ್ತೆ. ಹಾಗಾಗಿ ಐಯೋಮಿಗೆ ಸಣ್ಣ ತಂತಿ ಬೇಕಿತ್ತು. ಆಗ ಗಿಟಾರಿಗೆ ಅಷ್ಟು ಸಣ್ಣ ತಂತಿ ಸಿಗ್ತಿರ್ಲಿಲ್ಲ, ಬ್ಯಾಂಜೋ ತಂತಿ ತಂದು ಹಾಕಿದ್ರು. ಆಮೇಲೆ ಶ್ರುತಿನೇ ಇಳಿಸಿದ್ರು, 1971ರ ಮೂರನೇ ಆಲ್ಬಮ್ ಹೊತ್ತಿಗೆ ಮೂರು ಸೆಮಿಟೋನ್, ಅಂದ್ರೆ ಮೂರು ಅರ್ಧ ಸ್ವರ ಕೆಳಗೆ. ತಂತಿ ಸಡಿಲ ಆದ್ರೆ ಬೆರಳಿಗೆ ಆರಾಮ. ಆದ್ರೆ ಕೇಳೋರಿಗೆ ಆಗಿದ್ದೇನು, ನೆಲದಿಂದ ಎದ್ದು ಬಂದ ಹಾಗೆ ದಪ್ಪ ಭಾರದ ನಾದ. ಪೂರ್ತಿ ಕಾರ್ಡ್ ಹಿಡಿಯೋಕೆ ಬೆರಳು ಸಾಲಲ್ಲ ಅಂತ ಎರಡೆರಡು ಸ್ವರದ ಕಾರ್ಡನ್ನೇ ಬೆಳೆಸಿ ಅದರಲ್ಲೇ ಕೋಟೆ ಕಟ್ಟಿದ್ರು. ಇವತ್ತು ಜಗತ್ತಿನ ಯಾವ ಮೂಲೆಯ ಮೆಟಲ್ ಬ್ಯಾಂಡ್ ಕೇಳಿ, ಶ್ರುತಿ ಇಳಿಸೋದು ಎರಡು ಸ್ವರದ ಕಾರ್ಡ್ ಬಾರಿಸೋದು ಇದ್ದೇ ಇರುತ್ತೆ. ಹತ್ತೂ ಬೆರಳು ಚೆನ್ನಾಗಿರೋ ಹುಡುಗರು ಎರಡು ಬೆರಳಿನ ತುದಿ ಇಲ್ಲದೋರು ನೋವು ತಾಳೋಕೆ ಅಂತ ಕಂಡುಕೊಂಡ ದಾರೀಲಿ ನಡೀತಿದಾರೆ.

ಸೈತಾನನ ಮಾತು. ಬ್ಲ್ಯಾಕ್ ಸಬಾತಿನ ಮೊದಲ ಆಲ್ಬಮ್ ಬಿಡುಗಡೆ ಆಗಿದ್ದು 1970 ಫೆಬ್ರವರಿ 13, ಶುಕ್ರವಾರ. ಲಂಡನ್ನಿನ ಸ್ಟುಡಿಯೋದಲ್ಲಿ ಒಂದೇ ದಿನದಲ್ಲಿ ರೆಕಾರ್ಡ್ ಮಾಡಿದ್ದು, ದಿನಾ ಸ್ಟೇಜ್ ಮೇಲೆ ನುಡಿಸ್ತಿದ್ದ ಹಾಗೇ ನುಡಿಸಿ ಬಂದಿದ್ದು. ಅದರ ಮೊದಲ ಹಾಡಲ್ಲಿ ಗಿಟಾರ್ ಮಾಡೋದು ಇಷ್ಟೇ, ಕೆಳಗಿನ ಷಡ್ಜ, ಮೇಲಿನ ಷಡ್ಜ, ಅಲ್ಲಿಂದ ಇಳಿದು ಪ್ರತಿ ಮಧ್ಯಮದ ಮೇಲೆ ನಿಂತು ಅಲುಗಾಡೋದು. ಮೂರೇ ಸ್ವರ. ಷಡ್ಜಕ್ಕೂ ಪ್ರತಿ ಮಧ್ಯಮಕ್ಕೂ ಇರೋ ಈ ಅಂತರವನ್ನ ಯುರೋಪಿನಲ್ಲಿ ಹಿಂದೆ ಸೈತಾನನ ಸ್ವರ ಅಂತ ಕರೀತಿದ್ರು. ನಮ್ಮಲ್ಲಿ? ಕರ್ನಾಟಕ ಸಂಗೀತದ 72 ಮೇಳಕರ್ತ ರಾಗಗಳಲ್ಲಿ ಅರ್ಧ, 37ರಿಂದ 72ರ ತನಕ, ಪ್ರತಿ ಮಧ್ಯಮದ ರಾಗಗಳೇ. ಕಲ್ಯಾಣಿ ಅದೇ, ಪಂತುವರಾಳಿ ಅದೇ. ನಮ್ಮ ಸೋದರಮಾವ ತುಮಕೂರು ಕಡೆ ಓಲಗದವರು, ಎಷ್ಟು ಮದುವೆ ಮನೆ ಚಪ್ಪರದಲ್ಲಿ ಕಲ್ಯಾಣಿ ನುಡಿಸಿದಾರೋ. ನಾನು ಒಂದ್ಸಲ ಅವರಿಗೆ ಈ ಕ್ಯಾಸೆಟ್ ಕೇಳಿಸಿದೆ. ಸ್ವಲ್ಪ ಹೊತ್ತು ಕಣ್ಣು ಮುಚ್ಚಿಕೊಂಡು ಕೇಳಿ, ಮಧ್ಯಮನಾ ಗಟ್ಟಿಯಾಗಿ ಹಿಡ್ಕೊಂಡವನೆ ಕಣಪ್ಪ, ಬಿಡ್ತಾ ಇಲ್ಲ ನೋಡು ಅಂದ್ರು. ಗಲಾಟೆ ಅನ್ನಲಿಲ್ಲ. ಗಟ್ಟಿಮೇಳಕ್ಕೆ ಡೋಲು ಬಾರಿಸಿ ಬೆಳೆದ ಮನೆಯೋರು, ಜೋರು ಸದ್ದಿಗೂ ಒಂದು ಕೆಲಸ ಇದೆ ಅಂತ ಅವರಿಗೆ ಗೊತ್ತಿತ್ತು.

ಇನ್ನು ಆ ಊರು. ಬ್ಯಾಂಡಿನ ನಾಲ್ಕೂ ಜನ ಬರ್ಮಿಂಗ್‌ಹ್ಯಾಮಿನ ಆಸ್ಟನ್ ಅನ್ನೋ ಕಾರ್ಮಿಕರ ಏರಿಯಾ ಕಡೆಯೋರು. ಓಜಿ ಕಸಾಯಿಖಾನೇಲಿ ಕೆಲಸ ಮಾಡಿದಾರೆ, ಲ್ಯೂಕಾಸ್ ಫ್ಯಾಕ್ಟರೀಲಿ ಕಾರ್ ಹಾರ್ನ್ ಟ್ಯೂನ್ ಮಾಡೋ ಕೆಲಸ ಮಾಡಿದಾರೆ, ದಿನಪೂರ್ತಿ ಹಾರ್ನ್ ಸದ್ದಿನ ಮಧ್ಯೆ. ಬಾಸ್ ಗಿಟಾರ್ ನುಡಿಸೋ ಗೀಜರ್ ಬಟ್ಲರ್ ಒಂದು ಫ್ಯಾಕ್ಟರಿಯ ಲೆಕ್ಕಪತ್ರ ವಿಭಾಗದಲ್ಲಿದ್ರು. ಜೂಡಸ್ ಪ್ರೀಸ್ಟ್ ಅನ್ನೋ ಇನ್ನೊಂದು ಮೆಟಲ್ ಬ್ಯಾಂಡಿನ ಹಾಡುಗಾರ ರಾಬ್ ಹಾಲ್ಫರ್ಡ್ ಪಕ್ಕದ ವಾಲ್ಸಾಲ್ ಊರಿನೋರು, ಅವರೂ ಚಿಕ್ಕಂದಿನ ಫೌಂಡ್ರಿ ಹೊಗೆ ನೆನಪು ಮಾಡ್ಕೊಳ್ತಾರೆ. ಆಗ ಅಮೆರಿಕದ ಕಡೆಯಿಂದ ಹೂವು ಶಾಂತಿ ಪ್ರೇಮ ಅಂತ ಹಾಡು ಬರ್ತಿದ್ವು. ಆಸ್ಟನ್ನಿನಲ್ಲಿ ಹೂವು ಎಲ್ಲಿತ್ತು? ಅವರು ಕೇಳಿಸ್ಕೊಂಡಿದ್ದನ್ನೇ ನುಡಿಸಿದ್ರು. ಲಂಡನ್ನಿನ ವಿಮರ್ಶಕರು ಬೈದ್ರು, ಕಾರ್ಮಿಕರ ಮಕ್ಕಳು ದುಡ್ಡು ಕೊಟ್ಟು ಕೊಂಡ್ಕೊಂಡ್ರು, ಬ್ರಿಟನ್ ಪಟ್ಟೀಲಿ ಮೊದಲ ಆಲ್ಬಮ್ಮೇ 8ನೇ ಸ್ಥಾನಕ್ಕೆ ಬಂತು.

ಬೆಂಗಳೂರಲ್ಲಿ ಮೆಟಲ್ ಅಂದ್ರೆ ಕಾನ್ವೆಂಟ್ ಹುಡುಗರ ಶೋಕಿ, ದುಡ್ಡಿದ್ದೋರ ಮಕ್ಕಳ ಹುಚ್ಚು ಅನ್ನೋ ಮಾತು ನಾನು ಆಗಿನಿಂದ ಕೇಳ್ತಾನೇ ಬಂದಿದೀನಿ. ಅಂಥೋರೂ ಇದ್ರು, ಇಲ್ಲ ಅನ್ನಲ್ಲ. ಆದ್ರೆ ನಮ್ಮಂಥೋರೂ ಇದ್ವಿ. ನನ್ನ ಗಿಟಾರ್ ಅಮೆರಿಕದ ಗಿಬ್ಸನ್ ಅಲ್ಲ, ಕಲ್ಕತ್ತಾದ ಗಿವ್ಸನ್, ಎರಡು ತಿಂಗಳ ಸಂಬಳ ಕೂಡಿಟ್ಟು ತಗೊಂಡಿದ್ದು. ಆಂಪ್ಲಿಫೈಯರ್ ಅಂದ್ರೆ ಗಣೇಶೋತ್ಸವದ ಮೈಕ್‌ಸೆಟ್ಟಿನೋರ ಅಹುಜಾ, ಬಾಡಿಗೆಗೆ. ಗಿಟಾರ್ ಸದ್ದನ್ನ ಒರಟು ಮಾಡೋ ಡಿಸ್ಟಾರ್ಷನ್ ಪೆಡಲ್ ಎಲ್ಲಿಂದ ತರೋದು, ಐಟಿಐ ಮಾಡಿದ್ದ ಹುಡುಗ ಒಬ್ಬ ಎಸ್.ಪಿ. ರೋಡಲ್ಲಿ ಐಸಿ ಡಯೋಡ್ ಕೆಪಾಸಿಟರ್ ತಂದು ತಗಡಿನ ಡಬ್ಬೀಲಿ ಕೂರಿಸಿ ಕೊಟ್ಟ, ಆ ಡಬ್ಬಿ ಬೆಂಡ್ ಮಾಡಿದ್ದು ನಾನೇ, ನಮ್ಮ ಶಾಪಿನ ಸ್ಕ್ರ್ಯಾಪ್ ಶೀಟಿನಲ್ಲಿ. 1988ರಲ್ಲಿ ಶುರುವಾದ ಮಿಲೇನಿಯಮ್ ಬ್ಯಾಂಡ್ ನಮ್ಮೂರಿನದೇ, ಈ ದೇಶದಲ್ಲಿ ಹೆವಿ ಮೆಟಲ್ ನುಡಿಸಿದ ಮೊದಮೊದಲಿನೋರು. ನಮ್ಮ ಗುಂಪು ಅಷ್ಟು ದೊಡ್ಡದಾಗಲಿಲ್ಲ, ಮದುವೆ ಮಕ್ಕಳು ಸೈಟು ಅಂತ ಒಬ್ಬೊಬ್ರು ಒಂದೊಂದು ಕಡೆ ಆದ್ವಿ. 2007ರ ಮಾರ್ಚ್ 17ಕ್ಕೆ ಅರಮನೆ ಮೈದಾನಕ್ಕೆ ಇಂಗ್ಲೆಂಡಿನ ಮೆಟಲ್ ಬ್ಯಾಂಡ್ ಐರನ್ ಮೇಡನ್ ಬಂದಾಗ ಮತ್ತೆ ಸೇರಿದ್ವಿ. ನನ್ನ ಮಗನ್ನೂ ಕರ್ಕೊಂಡು ಹೋಗಿದ್ದೆ. ನನ್ನ ಪಕ್ಕ ನಿಂತಿದ್ದ ಕಪ್ಪು ಟೀಶರ್ಟಿನ ಹುಡುಗ ಕೈ ಎತ್ತಿದಾಗ ನೋಡಿದೆ, ಹೆಬ್ಬೆರಳಿನ ಉಗುರೊಳಗೆ ಗ್ರೀಸ್. ಯಾವ ಶಾಪು ಅಂದೆ. ಬೊಮ್ಮಸಂದ್ರ ಸರ್, ಟರ್ನರ್ ಅಂದ.

2025ರ ಜುಲೈ 5ಕ್ಕೆ ಆಸ್ಟನ್ನಿನ ವಿಲ್ಲಾ ಪಾರ್ಕ್ ಮೈದಾನದಲ್ಲಿ ಬ್ಲ್ಯಾಕ್ ಸಬಾತಿನ ಆ ನಾಲ್ಕೂ ಜನ ಕೊನೇ ಸಲ ಒಟ್ಟಿಗೆ ನುಡಿಸಿದ್ರು, ತಾವು ಬೆಳೆದ ಬೀದಿಗಳ ಪಕ್ಕದಲ್ಲೇ. ಪಾರ್ಕಿನ್ಸನ್ ಕಾಯಿಲೆಯ ಕೆಲಸಕ್ಕೆ, ಮಕ್ಕಳ ಆಸ್ಪತ್ರೆಗೆ ಅಂತ ದುಡ್ಡು ಕೂಡಿಸಿದ ಕಾರ್ಯಕ್ರಮ. ಓಜಿಗೆ ನಿಲ್ಲೋಕೆ ಆಗ್ತಿರ್ಲಿಲ್ಲ, ಸಿಂಹಾಸನದಲ್ಲಿ ಕೂತೇ ಹಾಡಿದ್ರು, 17 ದಿನಕ್ಕೆ ಹೋದ್ರು. ನಾನು ಆ ವಿಡಿಯೋ ನೋಡಿದ್ದು ಮೊಬೈಲಲ್ಲಿ, ಎಲ್ಲರೂ ಓಜಿ ಮುಖ ನೋಡಿದ್ರೆ ನಾನು ಐಯೋಮಿ ಬಲಗೈನೇ ನೋಡ್ತಿದ್ದೆ. ಆ ಎರಡು ಬೆರಳಿನ ಟೋಪಿ ಈಗ್ಲೂ ಇದೆ. ಅರವತ್ತು ವರ್ಷ.

ಸಂಪಾದಕರೇ, ನನ್ನ ಕೋರಿಕೆ ಎರಡು. ನಿಮ್ಮ ಬೆಂಗಳೂರು ಪುಟದೋರನ್ನ ಒಂದು ದಿನ ಪೀಣ್ಯಕ್ಕೆ ಕಳಿಸಿ, ಎರಡು ಕೈಯಲ್ಲೂ ಬಟನ್ ಒತ್ತಿದ್ರೆ ಮಾತ್ರ ಇಳಿಯೋ ಪ್ರೆಸ್ ಎಷ್ಟು ಶಾಪಲ್ಲಿ ಇದೆ, ಇನ್ನೂ ಪೆಡಲ್ ಮೇಲೇ ನಡೆಸೋರು ಎಷ್ಟು, ಗಾರ್ಡ್ ಬಿಚ್ಚಿಡೋದು ನಿಂತಿದೆಯಾ ಅಂತ ನೋಡಿ ಬರೀಲಿ. ಹೋಟೆಲಲ್ಲಿ ಟೀ ಕುಡಿಯೋಕೆ ಲೋಟ ಹಿಡಿದಿರೋ ಕೈಗಳನ್ನ ನೋಡಿದ್ರೇ ಸಾಕು, ಎಣಿಸೋಕೆ ಆಗಲ್ಲ. ಎರಡನೇದು, ಓಜಿ ಬಗ್ಗೆ ಬರೆದ ಹಾಗೆ ಐಯೋಮಿ ಬಗ್ಗೆಯೂ ಅರ್ಧ ಪುಟ ಬರೀರಿ, ಕೈಯ ಕತೆ ಸಮೇತ. ಅವರು 1948ರಲ್ಲಿ ಹುಟ್ಟಿದೋರು. ತೀರಿಕೊಳ್ಳೋ ತನಕ ಕಾಯಬೇಡಿ.

ಇತಿ ನಿಮ್ಮ ಓದುಗ,
ಪೀಣ್ಯ ಎರಡನೇ ಹಂತ, ಬೆಂಗಳೂರು